ಹಳೆಯ ಪ್ರೊಫೆಸರ್ ಈಗ ಎಲ್ಲಿದ್ದಾರೆ? ಓದು ಮುಗಿಸಿ ವರ್ಷಗಳಾದ ಮೇಲೆ ಎಲ್‌ಒಆರ್ (ಶಿಫಾರಸು ಪತ್ರ) ಪಡೆಯುವ ಸಮಗ್ರ ಮಾರ್ಗದರ್ಶಿ

ಇಂಜಿನಿಯರಿಂಗ್ ಮುಗಿಸಿ ಆರೇಳು ವರ್ಷ ಕೆಲಸ ಮಾಡಿದ ಮೇಲೆ ಅಮೆರಿಕದಲ್ಲಿ ಎಂಎಸ್ ಅಥವಾ ಪಿಎಚ್‌ಡಿ ಮಾಡೋಣ ಅನ್ನಿಸುತ್ತದೆ. ಜಿಆರ್‌ಇ, ಟೋಫೆಲ್ ಪ್ರವೇಶ ಪರೀಕ್ಷೆಗಳು ಹೇಗೋ ಮುಗಿಯುತ್ತವೆ. ಅರ್ಜಿಯಲ್ಲಿ ರೆಕಮೆಂಡೇಶನ್ ಪುಟ ತೆರೆದಾಗ ಕೈ ನಿಲ್ಲುತ್ತದೆ. ಮೂರು ಹೆಸರು, ಮೂರು ಇಮೇಲ್ ಕೊಡಬೇಕು. ಪ್ರಾಜೆಕ್ಟ್ ಗೈಡ್ ಆಗಿದ್ದ ಸರ್ ಕಾಲೇಜು ಬಿಟ್ಟಿದ್ದಾರೆ. ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ನಿವೃತ್ತರಾಗಿದ್ದಾರೆ. ಸಿಗ್ನಲ್ಸ್ ಪಾಠ ಮಾಡಿದ ಮೇಡಂ ಮದುವೆಯಾಗಿ ಯಾವ ಊರಿಗೆ ಹೋದರೋ ಯಾರಿಗೂ ಗೊತ್ತಿಲ್ಲ.

ಈ ಬರಹ ಅಂಥ ಪರಿಸ್ಥಿತಿಯಲ್ಲಿ ಇರುವವರಿಗೆ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಬಿಎಸ್ಸಿ, ಬಿಕಾಂ ಓದಿದವರಿಗೂ ಬಹುಪಾಲು ಹೊಂದುತ್ತದೆ. ಇಮೇಲ್ ವಿಳಾಸ ಪತ್ತೆ ಮಾಡುವುದು ಈಗ ಅಷ್ಟೇನೂ ಕಷ್ಟವಲ್ಲ. ಆದರೆ ಒಬ್ಬ ಮೇಷ್ಟ್ರು ವರ್ಷಕ್ಕೆ ನೂರಿನ್ನೂರು ಮಕ್ಕಳಿಗೆ ಪಾಠ ಮಾಡುತ್ತಾರೆ. ಅಷ್ಟು ಜನರ ನಡುವೆ ಅವರಿಗೆ ನೀವು ನೆನಪಾಗಬೇಕು. ನೆನಪಾದದ್ದು ಪತ್ರದಲ್ಲಿ ಬರಬೇಕು. ಮುಂದಿನ ಹಂತಗಳನ್ನೆಲ್ಲ ಇದನ್ನೇ ಗುರಿಯಾಗಿಟ್ಟು ಜೋಡಿಸಿದ್ದೇನೆ.

ಹಂತ 1: ಕ್ಯಾಲೆಂಡರ್ ನೋಡಿ

ಅಮೆರಿಕದಲ್ಲಿ ಆಗಸ್ಟ್–ಸೆಪ್ಟೆಂಬರ್‌ಗೆ ಶುರುವಾಗುವ ತರಗತಿಗಳಿಗೆ ‘ಫಾಲ್’ ಅನ್ನುತ್ತಾರೆ. ಪಿಎಚ್‌ಡಿಗೆ ಮತ್ತು ಹಲವು ಎಂಎಸ್ ಪ್ರೋಗ್ರಾಂಗಳಿಗೆ ಹಿಂದಿನ ವರ್ಷದ ಡಿಸೆಂಬರ್ 1 ಅಥವಾ 15 ಕೊನೆಯ ದಿನ. ನಮ್ಮ ಕಾಲೇಜುಗಳಲ್ಲಿ ಅದೇ ಹೊತ್ತಿಗೆ ಇಂಟರ್ನಲ್ಸ್, ಪ್ರಾಕ್ಟಿಕಲ್, ಸೆಮಿಸ್ಟರ್ ಪರೀಕ್ಷೆಯ ಗಡಿಬಿಡಿ ಇರುತ್ತದೆ. ಆಗ ಹೋಗಿ ‘ಸರ್, ನಾಳಿದ್ದು ಡೆಡ್‌ಲೈನ್’ ಅಂದರೆ ಯಾರಿಗಾದರೂ ರೇಗುತ್ತದೆ.

ಹಾಗಾಗಿ ಹುಡುಕಾಟವನ್ನು ಜುಲೈ–ಆಗಸ್ಟ್‌ನಲ್ಲೇ ಶುರು ಮಾಡಿ. ದಸರಾ ರಜೆಯ ಒಳಗೆ ಮೂವರೂ ಒಪ್ಪಿರಬೇಕು. ಪತ್ರ ಬರೆಯಲು ಅವರಿಗೆ ಕನಿಷ್ಠ ನಾಲ್ಕರಿಂದ ಆರು ವಾರ ಸಿಗಬೇಕು.

ಬೇರೆ ದೇಶಗಳ ಲೆಕ್ಕ ಬೇರೆ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಎರಡು ಪತ್ರ ಸಾಕು. ಜರ್ಮನಿಯಲ್ಲಿ ಕೆಲವು ಕೋರ್ಸ್ ಒಂದೆರಡು ಕೇಳುತ್ತವೆ, ಕೆಲವು ಕೇಳುವುದೇ ಇಲ್ಲ. ಎಷ್ಟು ಪತ್ರ ಬೇಕು, ಅದರಲ್ಲಿ ಪಾಠ ಮಾಡಿದವರದ್ದು ಎಷ್ಟಿರಬೇಕು ಎಂದು ಪ್ರತಿ ಪ್ರೋಗ್ರಾಂನ ಪುಟದಲ್ಲಿ ಓದಿ ಒಂದು ಎಕ್ಸೆಲ್ ಶೀಟ್‌ನಲ್ಲಿ ಬರೆದಿಟ್ಟುಕೊಳ್ಳಿ. ಈ ಶೀಟ್ ಕೊನೆಯವರೆಗೂ ಕೆಲಸಕ್ಕೆ ಬರುತ್ತದೆ.

ಹಂತ 2: ಯಾರನ್ನು ಹುಡುಕಬೇಕು?

ಎಲ್ಲರೂ ಮೊದಲು ಯೋಚಿಸುವುದು ಪ್ರಿನ್ಸಿಪಾಲರ ಹೆಸರನ್ನು. ಇಲ್ಲವೇ ಎಚ್‌ಒಡಿ. ಹುದ್ದೆ ದೊಡ್ಡದಾದರೆ ಪತ್ರದ ತೂಕವೂ ಜಾಸ್ತಿ ಅನ್ನುವ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಆದರೆ ಅಡ್ಮಿಶನ್ ಕಮಿಟಿಯಲ್ಲಿ ಕೂತಿರುವವರಿಗೆ ನಮ್ಮ ಕಾಲೇಜಿನ ಪ್ರಿನ್ಸಿಪಾಲರು ಯಾರೆಂದು ಗೊತ್ತಿರುವುದಿಲ್ಲ. ಈ ಹುಡುಗಿ ಕೆಲಸ ಮಾಡುವುದನ್ನು ಈ ಪತ್ರ ಬರೆದವರು ಕಣ್ಣಾರೆ ನೋಡಿದ್ದಾರಾ? ಅವರಿಗೆ ಬೇಕಾದದ್ದು ಇಷ್ಟೇ.

ಹಾಗಾಗಿ ಪ್ರಾಜೆಕ್ಟ್ ಗೈಡ್‌ಗೆ ಮೊದಲ ಸ್ಥಾನ. ನೀವು ಯಾವ ಭಾಗ ಮಾಡಿದಿರಿ, ಯಾವ ಭಾಗ ಗೆಳೆಯರ ಮೇಲೆ ಹಾಕಿದಿರಿ ಎಂದು ಅವರಿಗೆ ಚೆನ್ನಾಗಿ ಗೊತ್ತು. ಆಮೇಲೆ ಎರಡು ವಿಷಯಗಳನ್ನಾದರೂ ಕಲಿಸಿದವರು, ಅಥವಾ ಒಂದು ಥಿಯರಿ ಮತ್ತು ಅದರ ಲ್ಯಾಬ್ ಎರಡನ್ನೂ ನೋಡಿಕೊಂಡವರು. ಮೂರನೆಯದು ಸೆಮಿನಾರ್ ಕೋಆರ್ಡಿನೇಟರ್, ಪೇಪರ್ ಬರೆಯಲು ಜೊತೆಯಾದವರು, ಟೆಕ್ ಫೆಸ್ಟ್‌ಗೆ ತಂಡ ಕಟ್ಟಿದಾಗ ಜೊತೆಗಿದ್ದವರು. ಆಗ ಅಸಿಸ್ಟೆಂಟ್ ಪ್ರೊಫೆಸರ್ ಆಗಿದ್ದರು ಅನ್ನುವ ಕಾರಣಕ್ಕೆ ಯಾರನ್ನೂ ಬಿಡಬೇಡಿ. ಇಷ್ಟು ವರ್ಷದಲ್ಲಿ ಅವರು ಪಿಎಚ್‌ಡಿ ಮುಗಿಸಿ ಅಸೋಸಿಯೇಟ್ ಪ್ರೊಫೆಸರ್ ಆಗಿರಬಹುದು.

ಐದಾರು ಹೆಸರುಗಳ ಪಟ್ಟಿ ಮಾಡಿ. ಇಬ್ಬರು ಸಿಗದಿದ್ದರೂ ಕೆಲಸ ನಿಲ್ಲಬಾರದು.

ಹಂತ 3: ಅಟ್ಟದ ಮೇಲಿನ ಕಾಗದಗಳು

ಗೂಗಲ್ ತೆರೆಯುವ ಮೊದಲು ಮನೆಯಲ್ಲಿರುವುದನ್ನು ಹುಡುಕಿ. ರೆಕ್ಸಿನ್ ಬೈಂಡಿಂಗಿನ ಪ್ರಾಜೆಕ್ಟ್ ರಿಪೋರ್ಟ್ ಒಂದು ಎಲ್ಲೋ ಇರುತ್ತದೆ. ಅದರ ಸರ್ಟಿಫಿಕೇಟ್ ಪುಟದಲ್ಲಿ ಗೈಡ್, ಎಚ್‌ಒಡಿ, ಪ್ರಿನ್ಸಿಪಾಲ್ ಮೂವರ ಹೆಸರು, ಇನಿಶಿಯಲ್, ಹುದ್ದೆ ಸಮೇತ ಇರುತ್ತದೆ. ಕಾಲೇಜಿನಲ್ಲಿ ಎಲ್ಲರೂ ‘ಎಂಬಿಎಸ್ ಸರ್’ ಎಂದೇ ಕರೆದು, ಪೂರ್ತಿ ಹೆಸರು ಏನೆಂದೇ ಗೊತ್ತಿಲ್ಲದವರು ಬಹಳ ಜನ. ಹುಡುಕಾಟಕ್ಕೆ ಆ ಪೂರ್ತಿ ಹೆಸರು ಬೇಕೇ ಬೇಕು.

ಆಮೇಲೆ ಮಾರ್ಕ್ಸ್ ಕಾರ್ಡ್. ಯಾವ ಸೆಮಿಸ್ಟರ್, ಯಾವ ವಿಷಯ, ಇಂಟರ್ನಲ್ಸ್ ಎಷ್ಟು, ಎಕ್ಸ್‌ಟರ್ನಲ್ ಎಷ್ಟು ಎಂದು ಬರೆದಿಟ್ಟುಕೊಳ್ಳಿ. ನಿಮ್ಮದು 2010ರ ಸ್ಕೀಮಾ, 2015ರ ಸಿಬಿಸಿಎಸ್ ಸ್ಕೀಮಾ ಅನ್ನುವುದೂ ಬೇಕಾಗುತ್ತದೆ. ಸ್ಕೀಮ್ ಹೇಳಿದರೆ ಮೇಷ್ಟ್ರಿಗೆ ಆ ಕಾಲದ ಸಿಲಬಸ್ ತಟ್ಟನೆ ನೆನಪಾಗುತ್ತದೆ. ಯುಎಸ್‌ಎನ್ (ವಿಟಿಯು ಕೊಡುವ ವಿದ್ಯಾರ್ಥಿ ನೋಂದಣಿ ಸಂಖ್ಯೆ) ಅಂತೂ ಮರೆಯಬೇಡಿ. ಆ ಹತ್ತು ಅಕ್ಷರ–ಅಂಕಿಗಳಲ್ಲಿ ವಲಯ, ಕಾಲೇಜು, ಸೇರಿದ ವರ್ಷ, ಬ್ರಾಂಚ್, ಕ್ರಮ ಸಂಖ್ಯೆ ಎಲ್ಲವೂ ಇದೆ. ಹೆಸರು ಹೇಳಿದರೆ ಗುರುತು ಸಿಗದ ವಿದ್ಯಾರ್ಥಿಯ ದಾಖಲೆಯನ್ನು ಆಫೀಸಿನವರು ಯುಎಸ್‌ಎನ್ ಹೇಳಿದರೆ ತೆಗೆದುಬಿಡುತ್ತಾರೆ.

ಹಳೆಯ ಜಿಮೇಲ್‌ನಲ್ಲೂ ಹುಡುಕಿ. ‘ಪ್ರಾಜೆಕ್ಟ್ ರಿಪೋರ್ಟ್’, ‘ಸಿನಾಪ್ಸಿಸ್’, ‘ಅಸೈನ್‌ಮೆಂಟ್’ ಪದಗಳನ್ನು ಹಾಕಿ, ಆ ವರ್ಷಗಳಿಗೆ ಸೀಮಿತಗೊಳಿಸಿ ನೋಡಿ. ಮೇಷ್ಟ್ರು ಆಗ ತಮ್ಮ ಸ್ವಂತ ಜಿಮೇಲ್‌ನಿಂದಲೇ ಉತ್ತರಿಸಿರುವ ಸಾಧ್ಯತೆ ಜಾಸ್ತಿ. ಕಾಲೇಜಿನ ಐಡಿ ಸತ್ತರೂ ಆ ಜಿಮೇಲ್ ಈಗಲೂ ಬದುಕಿರುತ್ತದೆ. ಫೇರ್‌ವೆಲ್ ದಿನದ ಗ್ರೂಪ್ ಫೋಟೊ ಸಿಕ್ಕರೆ ಅದನ್ನೂ ತೆಗೆದಿಡಿ. ಮುಂದೆ ಉಪಯೋಗಕ್ಕೆ ಬರುತ್ತದೆ.

ಹಂತ 4: ಕೂತಲ್ಲೇ ಹುಡುಕುವುದು

ಮೊದಲು ಕಾಲೇಜಿನ ವೆಬ್‌ಸೈಟಿನಲ್ಲಿ ನಿಮ್ಮ ವಿಭಾಗದ ಫ್ಯಾಕಲ್ಟಿ ಪಟ್ಟಿ ನೋಡಿ. ಅಲ್ಲೇ ಇದ್ದರೆ ಪುಣ್ಯ, ಹಂತ 6ಕ್ಕೆ ಹೋಗಿ.

ಇಲ್ಲದಿದ್ದರೆ, ಕಾಲೇಜಿನ ಹೆಸರೇ ಬದಲಾಗಿದೆಯಾ ನೋಡಿ. ನಮ್ಮಲ್ಲಿ ಇದು ಬಹಳ. ಮೈಸೂರಿನ ಎಸ್‌ಜೆಸಿಇ ಈಗ ಜೆಎಸ್‌ಎಸ್ ವಿಜ್ಞಾನ ಮತ್ತು ತಾಂತ್ರಿಕ ವಿಶ್ವವಿದ್ಯಾಲಯದ ಭಾಗ. ಹುಬ್ಬಳ್ಳಿಯ ಬಿವಿಬಿ ಈಗ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ. ಬೆಂಗಳೂರಿನ ಪಿಇಎಸ್‌ಐಟಿ 2013ರಲ್ಲಿ ಪಿಇಎಸ್ ವಿಶ್ವವಿದ್ಯಾಲಯವಾಯಿತು. ಬೆಂಗಳೂರು ವಿಶ್ವವಿದ್ಯಾಲಯ 2017ರಲ್ಲಿ ಮೂರು ಭಾಗವಾಯಿತು. ಬೆಂಗಳೂರಿನ ಸರ್ಕಾರಿ ವಿಜ್ಞಾನ ಕಾಲೇಜು ಈಗ ನೃಪತುಂಗ ವಿಶ್ವವಿದ್ಯಾಲಯ. ಹೆಸರು ಬದಲಾದಾಗ ಇಮೇಲ್ ಡೊಮೇನ್ ಕೂಡ ಬದಲಾಗುತ್ತದೆ. ನಿಮ್ಮ ಹತ್ತಿರ ಇರುವ ಹಳೆಯ ಐಡಿಗೆ ಕಳಿಸಿದ ಮೇಲ್ ವಾಪಸ್ ಬಂತು ಅಂದರೆ ಸರ್ ಕಾಲೇಜು ಬಿಟ್ಟಿದ್ದಾರೆ ಅಂತಲೇ ಅರ್ಥವಲ್ಲ. ಹೊಸ ಡೊಮೇನಿನಲ್ಲಿ ಅವರು ಅದೇ ಕೊಠಡಿಯಲ್ಲಿ ಕೂತಿರಬಹುದು.

ಕಾಲೇಜು ಬಿಟ್ಟಿದ್ದಾರೆ ಎಂದು ಖಚಿತವಾದರೆ ಸಂಶೋಧನಾ ಪೇಪರ್ ಹುಡುಕುವ ತಾಣ ಗೂಗಲ್ ಸ್ಕಾಲರ್‌ಗೆ ಹೋಗಿ. ಪಾಠ ಮಾಡುವವರು ಪೇಪರ್ ಬರೆಯಲೇಬೇಕಾದ ಕಾಲ ಇದು. ಹೆಸರು ಹಾಕಿ, ಇತ್ತೀಚಿನ ವರ್ಷಗಳಿಗೆ ಸೀಮಿತಗೊಳಿಸಿ. ಸಿಕ್ಕಿದ ಪೇಪರಿನ ಮೊದಲ ಪುಟದಲ್ಲಿ ಲೇಖಕರು ಈಗ ಯಾವ ಸಂಸ್ಥೆಯಲ್ಲಿದ್ದಾರೆ ಎಂದು ಇರುತ್ತದೆ. ಕರೆಸ್ಪಾಂಡಿಂಗ್ ಆಥರ್ (ಪತ್ರವ್ಯವಹಾರ ನೋಡಿಕೊಳ್ಳುವ ಲೇಖಕರು) ಅವರೇ ಆಗಿದ್ದರೆ ಇಮೇಲ್ ಕೂಡ ಅಲ್ಲೇ ಸಿಗುತ್ತದೆ. ಇಷ್ಟರಲ್ಲೇ ಎಷ್ಟೋ ಜನರ ಪತ್ತೆ ಆಗುತ್ತದೆ.

ಇಲ್ಲಿ ಕಾಡುವುದು ಹೆಸರು. ಇನಿಶಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಮಂಜುನಾಥ ಎಂದು ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಯಲ್ಲಿ ‘ಎ’ ಅಕ್ಷರ ಒಬ್ಬರಿಗಿರುತ್ತದೆ, ಇನ್ನೊಬ್ಬರಿಗಿರುವುದಿಲ್ಲ. ಸೌಮ್ಯ ಎಂಬುದನ್ನು ‘ಒಯು’ ಹಾಕಿ ಬರೆಯುವವರೂ ಇದ್ದಾರೆ, ‘ಒಡಬ್ಲ್ಯು’ ಹಾಕುವವರೂ ಇದ್ದಾರೆ. ಕೆಲವು ಮೇಡಂಗಳ ಇನಿಶಿಯಲ್ ಮದುವೆಯ ನಂತರ ಬದಲಾಗಿರುತ್ತದೆ. ಎಲ್ಲ ಬಗೆಯಲ್ಲೂ ಹಾಕಿ ನೋಡಿ. ಹೆಸರಿನ ಜೊತೆ ಅವರ ವಿಷಯವನ್ನೂ ಸೇರಿಸಿ. ಬರೀ ‘ಮಂಜುನಾಥ’ ಎಂದರೆ ಕರ್ನಾಟಕದ ಅರ್ಧ ಜನ ಎದುರಿಗೆ ಬರುತ್ತಾರೆ. ಜೊತೆಗೆ ‘ಇಮೇಜ್ ಪ್ರೊಸೆಸಿಂಗ್’ ಎಂದು ಹಾಕಿದರೆ ಪಟ್ಟಿ ಚಿಕ್ಕದಾಗುತ್ತದೆ.

ಭಾರತದ್ದೇ ಆದ ಕೆಲವು ತಾಣಗಳಿವೆ, ಬಹಳ ಜನರಿಗೆ ಗೊತ್ತಿಲ್ಲ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ‘ವಿದ್ವಾನ್’ನಲ್ಲಿ ದೇಶದ ಅಧ್ಯಾಪಕರ, ಸಂಶೋಧಕರ ಪರಿಚಯ ಪುಟಗಳಿವೆ. ಅದೇ ಕೇಂದ್ರದ ‘ಶೋಧಗಂಗಾ’ದಲ್ಲಿ ಪಿಎಚ್‌ಡಿ ಪ್ರಬಂಧಗಳಿವೆ. ನಿಮಗೆ ಪಾಠ ಮಾಡುವಾಗಲೇ ವಿಟಿಯುನಲ್ಲಿ ಪಿಎಚ್‌ಡಿಗೆ ನೋಂದಾಯಿಸಿಕೊಂಡಿದ್ದ ಮೇಷ್ಟ್ರಿದ್ದರೆ ಶೋಧಗಂಗಾದಲ್ಲಿ ಹುಡುಕಿ. ಪ್ರಬಂಧ ಸಿಕ್ಕರೆ ಅವರ ಗೈಡ್ ಯಾರು, ಯಾವ ರಿಸರ್ಚ್ ಸೆಂಟರ್ ಎಂದು ತಿಳಿಯುತ್ತದೆ. ಶಿಷ್ಯ ಈಗ ಎಲ್ಲಿದ್ದಾನೆ ಎಂದು ಪಿಎಚ್‌ಡಿ ಗೈಡ್‌ಗೆ ಗೊತ್ತಿಲ್ಲದೇ ಇರುವುದು ಅಪರೂಪ.

ಇನ್ನೊಂದು ದಾರಿ ಕಾಲೇಜುಗಳೇ ಕಡ್ಡಾಯವಾಗಿ ಪ್ರಕಟಿಸುವ ಕಾಗದಗಳು. ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇಯ ಮಾನ್ಯತೆ ಇರುವ ಕಾಲೇಜುಗಳು ‘ಮ್ಯಾಂಡೇಟರಿ ಡಿಸ್‌ಕ್ಲೋಶರ್’ ಹಾಕಬೇಕು. ಅದರಲ್ಲಿ ಅಧ್ಯಾಪಕರ ವಿವರ ಇರುತ್ತದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ಗೆ ಕೊಟ್ಟ ವರದಿ, ರ್ಯಾಂಕ್ ಕೊಡುವ ಎನ್‌ಐಆರ್‌ಎಫ್‌ಗೆ ಕೊಟ್ಟ ಮಾಹಿತಿಯಲ್ಲೂ ಹೆಸರುಗಳು ಸಿಗುತ್ತವೆ. ಯಾರೋ ‘ಸರ್ ಈಗ ತುಮಕೂರಿನ ಯಾವುದೋ ಕಾಲೇಜಲ್ಲಿದ್ದಾರಂತೆ’ ಅಂದರೆ, ಆ ಊರಿನ ಕಾಲೇಜುಗಳ ಈ ಪಿಡಿಎಫ್‌ಗಳಲ್ಲಿ ಹೆಸರು ಹುಡುಕಿ. ಬೇಸರದ ಕೆಲಸ, ಆದರೆ ಒಂದು ಸಂಜೆಯಲ್ಲಿ ಮುಗಿಯುತ್ತದೆ.

ನಿಮ್ಮ ಪ್ರಾಜೆಕ್ಟ್‌ಗೆ ಕೆಎಸ್‌ಸಿಎಸ್‌ಟಿ ಹಣ ಸಿಕ್ಕಿತ್ತಾ? ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಕೊನೆಯ ವರ್ಷದ ಪ್ರಾಜೆಕ್ಟ್‌ಗಳಿಗೆ ನೆರವು ಕೊಡುತ್ತದೆ. ಆಯ್ಕೆಯಾದ ಪ್ರಾಜೆಕ್ಟ್‌ಗಳ ಪಟ್ಟಿಯಲ್ಲಿ ಕಾಲೇಜು, ಗೈಡ್ ಮತ್ತು ವಿದ್ಯಾರ್ಥಿಗಳ ಹೆಸರು ಇರುತ್ತದೆ. ಇದು ಹುಡುಕಲು ಸಹಾಯ ಮಾಡುವುದಕ್ಕಿಂತ ಪತ್ರದಲ್ಲಿ ಬರೆಯಲು ಒಳ್ಳೆಯ ಅಂಶ. ‘ರಾಜ್ಯ ಮಂಡಳಿಯ ನೆರವಿಗೆ ಆಯ್ಕೆಯಾದ ಪ್ರಾಜೆಕ್ಟ್’ ಎಂಬ ಒಂದು ಸಾಲು, ಹತ್ತು ಹೊಗಳಿಕೆಯ ಮಾತಿಗಿಂತ ಗಟ್ಟಿ.

ಬೋಧನೆ ಬಿಟ್ಟು ಕಂಪನಿ ಸೇರಿದವರು ಲಿಂಕ್ಡ್‌ಇನ್‌ನಲ್ಲಿ ಸಿಗುತ್ತಾರೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಆಯ್ಕೆಯಾಗಿ ಹೋದವರ ಹೆಸರು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಪ್ರಕಟಿಸಿದ ಪಟ್ಟಿಗಳಲ್ಲಿರುತ್ತದೆ. ಕಾಲೇಜಿನ ಹಳೆಯ ವೆಬ್‌ಸೈಟ್ ಹೇಗಿತ್ತು ಎಂದು ನೋಡಬೇಕಾದರೆ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್ ಇದೆ. ನೀವು ಓದುತ್ತಿದ್ದ ವರ್ಷ ಆರಿಸಿದರೆ ಆಗಿನ ಫ್ಯಾಕಲ್ಟಿ ಪುಟ ಬರಬಹುದು.

ಹಂತ 5: ಕಾಲೇಜಿಗೇ ಹೋಗಿ

ನೆಟ್‌ನಲ್ಲಿ ಸಿಗದವರು ಅಟೆಂಡರ್ ಬಾಯಲ್ಲಿ ಸಿಗುತ್ತಾರೆ. ಉತ್ಪ್ರೇಕ್ಷೆ ಅಲ್ಲ. ಖಾಸಗಿ ಕಾಲೇಜುಗಳಲ್ಲಿ ಮೇಷ್ಟ್ರುಗಳು ಬರುತ್ತಾ ಹೋಗುತ್ತಾ ಇರುತ್ತಾರೆ. ಲ್ಯಾಬ್ ಇನ್‌ಸ್ಟ್ರಕ್ಟರ್, ವಿಭಾಗದ ಅಟೆಂಡರ್, ಲೈಬ್ರರಿಯವರು ಮಾತ್ರ ದಶಕಗಳ ಕಾಲ ಅಲ್ಲೇ ಇರುತ್ತಾರೆ. ಯಾರು ಎಲ್ಲಿಗೆ ಹೋದರು, ಯಾರ ಮಗಳ ಮದುವೆ ಎಲ್ಲಾಯಿತು, ಎಲ್ಲ ಅವರಿಗೆ ಗೊತ್ತು.

ವಾರದ ಮಧ್ಯದ ಒಂದು ದಿನ, ಊಟದ ಬಿಡುವಿನ ಹೊತ್ತಿಗೆ ಹೋಗಿ. ಪರೀಕ್ಷೆ ಇರುವ ದಿನ, ನ್ಯಾಕ್ ಅಥವಾ ಎನ್‌ಬಿಎ ಪರಿಶೀಲನಾ ತಂಡ ಬರುವ ವಾರ ಬೇಡ. ಆಗ ಇಡೀ ಕಾಲೇಜಿಗೆ ಸುಣ್ಣ ಬಣ್ಣ ನಡೆಯುತ್ತಿರುತ್ತದೆ, ನಿಮ್ಮ ಮಾತು ಕೇಳಲು ಯಾರಿಗೂ ಪುರುಸೊತ್ತಿರುವುದಿಲ್ಲ. ಪ್ರಾಜೆಕ್ಟ್ ರಿಪೋರ್ಟ್, ಮಾರ್ಕ್ಸ್ ಕಾರ್ಡಿನ ಜೆರಾಕ್ಸ್, ಗುರುತಿನ ಚೀಟಿ ಜೊತೆಗಿರಲಿ. ಗೇಟಿನ ಸೆಕ್ಯುರಿಟಿಗೆ ‘ಅಲುಮ್ನಿ, ಡಿಪಾರ್ಟ್‌ಮೆಂಟಲ್ಲಿ ಕೆಲಸ ಇದೆ’ ಎಂದರೆ ರಿಜಿಸ್ಟರಿನಲ್ಲಿ ಬರೆಸಿಕೊಂಡು ಬಿಡುತ್ತಾರೆ.

ಎಚ್‌ಒಡಿ ಹೊಸಬರಾಗಿದ್ದರೂ ಮೊದಲು ಅವರನ್ನು ಕಂಡು ವಿಷಯ ಹೇಳಿ. ನೇರವಾಗಿ ಸ್ಟಾಫ್ ರೂಮಿಗೆ ನುಗ್ಗಿದರೆ ಚೆನ್ನಾಗಿರುವುದಿಲ್ಲ. ಆಮೇಲೆ ನಿಮ್ಮ ಕಾಲದಿಂದ ಉಳಿದಿರುವ ಒಬ್ಬರನ್ನಾದರೂ ಹುಡುಕಿ. ಹಳೆಯ ಸಹೋದ್ಯೋಗಿಗಳ ವಾಟ್ಸಾಪ್ ಗ್ರೂಪ್ ಒಂದು ಇದ್ದೇ ಇರುತ್ತದೆ.

ನಂಬರ್ ಕೇಳುವ ರೀತಿ ಮುಖ್ಯ. ‘ಸರ್ ನಂಬರ್ ಕೊಡಿ’ ಎಂದರೆ ಕೊಡುವವರಿಗೂ ಹಿಂಜರಿಕೆ. ಅದರ ಬದಲು, ‘ನನ್ನ ಹೆಸರು, ಬ್ಯಾಚ್, ನಂಬರ್ ಈ ಚೀಟಿಯಲ್ಲಿದೆ. ಸರ್‌ಗೆ ತಲುಪಿಸ್ತೀರಾ? ಅವರಿಗೆ ಅನುಕೂಲ ಆದಾಗ ಕರೆ ಮಾಡಲಿ’ ಅನ್ನಿ. ಹತ್ತರಲ್ಲಿ ಎಂಟು ಜನ ಅಲ್ಲೇ ಫೋನ್ ಹಚ್ಚಿ ‘ನೋಡಿ ಸರ್, ನಿಮ್ಮ ಸ್ಟೂಡೆಂಟ್ ಬಂದಿದ್ದಾರೆ’ ಎಂದು ನಿಮ್ಮ ಕೈಗೇ ಕೊಡುತ್ತಾರೆ. ಮನೆ ವಿಳಾಸ ಮಾತ್ರ ಒತ್ತಾಯ ಮಾಡಿ ಕೇಳಬೇಡಿ. ಹೇಳದೆ ಕೇಳದೆ ಮನೆ ಬಾಗಿಲಿಗೆ ಹೋಗಿ ನಿಲ್ಲುವುದಂತೂ ಬೇಡವೇ ಬೇಡ.

ನಿವೃತ್ತರಾದವರ ವಿಷಯ ಸ್ವಲ್ಪ ಬೇರೆ. ಸರ್ಕಾರಿ ಪದವಿ ಕಾಲೇಜಿನವರು 60ಕ್ಕೆ, ರಾಜ್ಯದ ವಿಶ್ವವಿದ್ಯಾಲಯಗಳವರು 62ಕ್ಕೆ ನಿವೃತ್ತರಾಗುತ್ತಾರೆ. ಹಲವರು ಆಮೇಲೆ ಯಾವುದಾದರೂ ಖಾಸಗಿ ಕಾಲೇಜಿಗೆ ಪ್ರಿನ್ಸಿಪಾಲ್ ಅಥವಾ ಸಲಹೆಗಾರರಾಗಿ ಹೋಗುತ್ತಾರೆ. ಆದ್ದರಿಂದ ‘ರಿಟೈರ್ ಆದ್ರು’ ಎಂದ ಕೂಡಲೇ ಹುಡುಕಾಟ ನಿಲ್ಲಿಸಬೇಡಿ, ‘ಆಮೇಲೆ ಎಲ್ಲಿಗೆ ಹೋದ್ರು?’ ಎಂದು ಕೇಳಿ. ಮನೆಯಲ್ಲೇ ಇರುವವರು ಇನ್ನೂ ಒಳ್ಳೆಯದು. ಅವರಿಗೆ ಸಮಯ ಇರುತ್ತದೆ, ಹಳೆಯ ಶಿಷ್ಯರು ಬಂದರೆ ಖುಷಿಯೂ ಆಗುತ್ತದೆ.

ವಿದೇಶದಲ್ಲಿದ್ದು ಹೋಗಲಾಗದವರು ಊರಲ್ಲಿರುವ ಕ್ಲಾಸ್‌ಮೇಟ್ ಒಬ್ಬರನ್ನು ಕಳಿಸಬಹುದು. ಅದೇ ಕಾಲೇಜಿನಲ್ಲಿ ಈಗ ಓದುತ್ತಿರುವ ಕಸಿನ್ ಇದ್ದರೆ ಇನ್ನೂ ಸುಲಭ.

ಹಂತ 6: ಮೊದಲ ಮಾತು

ವಿಳಾಸ ಸಿಕ್ಕಿತು. ಈಗ ನೆನಪು ಮಾಡಿಸಬೇಕು. ‘ಹಾಯ್ ಸರ್, ನೆನಪಿದ್ದೀನಾ?’ ಎಂದು ವಾಟ್ಸಾಪ್ ಮಾಡಬೇಡಿ. ನೆನಪಿಲ್ಲದವರಿಗೆ ಅದು ಮುಜುಗರ. ಮೊದಲು ಇಮೇಲ್ ಕಳಿಸಿ, ಫೋನ್ ಆಮೇಲೆ. ಇಮೇಲ್ ಇಂಗ್ಲಿಷಿನಲ್ಲಿರಲಿ ಕನ್ನಡದಲ್ಲಿರಲಿ, ಒಳಗಿನ ವಿಷಯ ಹೀಗಿರಲಿ:

“ನಮಸ್ಕಾರ ಸರ್,

ನಾನು 2012ರಿಂದ 2016ರವರೆಗೆ ನಮ್ಮ ಕಾಲೇಜಿನ ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಓದಿದೆ. ಐದನೇ ಸೆಮಿಸ್ಟರ್‌ನಲ್ಲಿ ನೀವು ನಮಗೆ ಡಿಎಸ್‌ಪಿ ಪಾಠ ಮಾಡಿದಿರಿ, ಅದರ ಲ್ಯಾಬ್ ಕೂಡ ನಿಮ್ಮದೇ. ಕೊನೆಯ ವರ್ಷ ಅಡಿಕೆಯ ಗುಣಮಟ್ಟ ವಿಂಗಡಿಸುವ ಇಮೇಜ್ ಪ್ರೊಸೆಸಿಂಗ್ ಪ್ರಾಜೆಕ್ಟ್‌ಗೆ ನೀವು ಗೈಡ್ ಆಗಿದ್ದಿರಿ. ನಾಲ್ವರ ತಂಡದಲ್ಲಿ ಕೋಡಿಂಗ್ ಭಾಗ ನಾನು ಮಾಡಿದ್ದೆ. ಅಂದಿನ ಫೋಟೊ ಮತ್ತು ರಿಪೋರ್ಟಿನ ಮೊದಲ ಪುಟ ಲಗತ್ತಿಸಿದ್ದೇನೆ.

ಆಮೇಲೆ ಏಳು ವರ್ಷ ಎಂಬೆಡೆಡ್ ಸಾಫ್ಟ್‌ವೇರ್ ಕೆಲಸ ಮಾಡಿದ್ದೇನೆ. ಈಗ ಕಂಪ್ಯೂಟರ್ ವಿಷನ್‌ನಲ್ಲಿ ಎಂಎಸ್‌ಗೆ ಅರ್ಜಿ ಹಾಕುತ್ತಿದ್ದೇನೆ. ನನ್ನ ಕೆಲಸ ನೋಡಿದವರಲ್ಲಿ ನೀವು ಮುಖ್ಯರು. ಮನಸ್ಸಿನಿಂದ ನಾಲ್ಕು ಒಳ್ಳೆಯ ಮಾತು ಬರೆಯಬಹುದು ಎಂದು ನಿಮಗೆ ಅನ್ನಿಸಿದರೆ ಮಾತ್ರ ಒಪ್ಪಿಕೊಳ್ಳಿ ಸರ್. ಆರು ವಿಶ್ವವಿದ್ಯಾಲಯಗಳಿವೆ, ಮೊದಲ ಡೆಡ್‌ಲೈನ್ ಡಿಸೆಂಬರ್ 1. ಬೇಕಾದ ಎಲ್ಲ ವಿವರ ನಾನು ಒಂದೇ ಸಲ ಕಳಿಸಿಕೊಡುತ್ತೇನೆ. ನಿಮಗೆ ಅನುಕೂಲವಾದ ಹೊತ್ತಿನಲ್ಲಿ ಫೋನ್ ಮಾಡಬಹುದಾ?”

ಕೆಳಗೆ ಹೆಸರು, ಯುಎಸ್‌ಎನ್, ಫೋನ್ ನಂಬರ್. ಸಬ್ಜೆಕ್ಟ್ ಸಾಲಿನಲ್ಲಿ ಬ್ಯಾಚ್ ಮತ್ತು ಪ್ರಾಜೆಕ್ಟ್ ಹೆಸರು ಇರಲಿ.

‘ಅನ್ನಿಸಿದರೆ ಮಾತ್ರ’ ಎಂಬ ಸಾಲನ್ನು ಬಿಡಬೇಡಿ. ನಮ್ಮ ಮೇಷ್ಟ್ರುಗಳು ಇಲ್ಲ ಎನ್ನಲಾರದೆ ಹೂಂ ಅಂದುಬಿಡುತ್ತಾರೆ. ಆಮೇಲೆ ಅರೆಮನಸ್ಸಿನ ನಾಲ್ಕು ಸಾಲು ಬರೆಯುತ್ತಾರೆ. ಅಂಥ ಪತ್ರಕ್ಕಿಂತ ಬೇರೆಯವರನ್ನು ಕೇಳುವುದೇ ವಾಸಿ. ಆ ಸಾಲು ಅವರಿಗೆ ಹಿಂದೆ ಸರಿಯಲು ಒಂದು ಗೌರವದ ದಾರಿ ಕೊಡುತ್ತದೆ.

ಉತ್ತರ ಬರಲಿಲ್ಲವಾ? ಒಂದು ವಾರ, ಹತ್ತು ದಿನ ಕಾಯಿರಿ. ಸ್ಪ್ಯಾಮ್‌ಗೆ ಹೋಗಿರಬಹುದು. ಫೋನ್ ಮಾಡಿ, ‘ಸರ್, ಒಂದು ಮೇಲ್ ಕಳಿಸಿದ್ದೆ’ ಎಂದು ಶುರು ಮಾಡಿ. ಅದಕ್ಕೂ ಸ್ಪಂದನೆ ಇಲ್ಲ ಅಂದರೆ ಇನ್ನೊಂದು ಸಲ ಮಾತ್ರ ನೆನಪಿಸಿ, ಪಟ್ಟಿಯ ಮುಂದಿನ ಹೆಸರಿಗೆ ಹೋಗಿ.

ಹಂತ 7: ‘ನೀವೇ ಬರ್ಕೊಂಡ್ ಬನ್ನಿ, ಸೈನ್ ಮಾಡ್ತೀನಿ’

ಒಪ್ಪಿಕೊಂಡ ಮೇಲೆ ಬಹುತೇಕ ಕೇಳಿಬರುವ ಮಾತು ಇದು. ಕೆಟ್ಟ ಉದ್ದೇಶವೇನಿಲ್ಲ. ಕೆಲಸ ಜಾಸ್ತಿ, ಹಿಂದಿನಿಂದ ನಡೆದುಕೊಂಡು ಬಂದಿದೆ, ವಿದ್ಯಾರ್ಥಿಗೂ ಅದೇ ಬೇಕು ಎಂದುಕೊಂಡಿರುತ್ತಾರೆ. ಆದರೂ ಪತ್ರವನ್ನು ನೀವು ಬರೆಯಬೇಡಿ. ಅರ್ಜಿದಾರರೇ ಪತ್ರ ಬರೆಯಬಾರದು ಎಂದು ಹಲವು ವಿಶ್ವವಿದ್ಯಾಲಯಗಳು ಸ್ಪಷ್ಟವಾಗಿ ಹೇಳುತ್ತವೆ. ಅಲ್ಲದೆ ಮೂರು ಪತ್ರ ಮತ್ತು ನಿಮ್ಮ ಎಸ್‌ಒಪಿ (ಈ ಕೋರ್ಸ್ ಯಾಕೆ ಎಂದು ನೀವೇ ಬರೆಯುವ ಪ್ರಬಂಧ) ನಾಲ್ಕೂ ಒಂದೇ ಧಾಟಿಯಲ್ಲಿದ್ದರೆ, ಸಾವಿರಾರು ಅರ್ಜಿ ಓದಿದ ಕಣ್ಣಿಗೆ ಅದು ಹೊಳೆಯುತ್ತದೆ.

ಹೇಳುವ ರೀತಿ ಹೀಗಿರಲಿ: ‘ಸರ್, ಅವರು ನಿಮ್ಮ ಮಾತಲ್ಲೇ ಇರಬೇಕು ಅಂತ ಕೇಳ್ತಾರೆ. ಪಾಯಿಂಟ್ಸ್ ಎಲ್ಲ ನಾನು ಒಂದು ಪುಟದಲ್ಲಿ ಕೊಡ್ತೀನಿ, ನಿಮಗೆ ಅರ್ಧ ಗಂಟೆ ಕೆಲಸ ಆಗುತ್ತೆ ಅಷ್ಟೆ.’ ಒಪ್ಪದವರು ಕಡಿಮೆ.

ಆ ಒಂದು ಪುಟವನ್ನು ಚೆನ್ನಾಗಿ ಮಾಡಿ. ಅವರು ಕಲಿಸಿದ ವಿಷಯಗಳು, ಸೆಮಿಸ್ಟರ್, ನಿಮ್ಮ ಅಂಕ. ಪ್ರಾಜೆಕ್ಟಿನಲ್ಲಿ ನೀವು ಮಾಡಿದ ಭಾಗ. ಅವರ ಎದುರಲ್ಲಿ ನಡೆದ ಎರಡು ಮೂರು ಸಂಗತಿಗಳು. ನಂತರದ ವರ್ಷಗಳಲ್ಲಿ ಮಾಡಿದ ಕೆಲಸ. ಯಾಕೆ ಈ ಕೋರ್ಸ್ ಎಂದು ನಾಲ್ಕು ಸಾಲು. ಕೊನೆಯಲ್ಲಿ ವಿಶ್ವವಿದ್ಯಾಲಯ ಮತ್ತು ಡೆಡ್‌ಲೈನ್ ಪಟ್ಟಿ. ಅಲ್ಲಿ ‘ಶ್ರದ್ಧೆಯ ವಿದ್ಯಾರ್ಥಿ, ಒಳ್ಳೆಯ ನಾಯಕತ್ವ ಗುಣ’ ಎಂದು ಬರೆದರೆ ಅದು ಹಾಗೇ ಪತ್ರಕ್ಕೆ ಹೋಗುತ್ತದೆ, ಯಾರಿಗೂ ಏನೂ ಹೇಳುವುದಿಲ್ಲ. ಅದರ ಬದಲು ‘ಮಳೆಗಾಲದ ಬೆಳಕಿನಲ್ಲಿ ತೆಗೆದ ಅಡಿಕೆ ಚಿತ್ರಗಳಿಗೆ ಫಲಿತಾಂಶ ತಪ್ಪು ಬರುತ್ತಿತ್ತು. ಕ್ಯಾಮೆರಾ ಬದಲಿಸೋಣ ಎಂದು ತಂಡ ಹೇಳಿತು. ನಾನು ಬೆಳಕಿನ ಹೊಂದಾಣಿಕೆಯ ಕೋಡ್ ಬರೆದೆ. ನೀವು ಅದನ್ನು ವೈವಾದಲ್ಲಿ ವಿವರಿಸಲು ಹೇಳಿದಿರಿ’ ಎಂದು ಬರೆದರೆ ಮೇಷ್ಟ್ರಿಗೆ ಆ ದಿನವೇ ಕಣ್ಣೆದುರು ಬರುತ್ತದೆ. ಮಿಕ್ಕದ್ದನ್ನು ಅವರೇ ತುಂಬುತ್ತಾರೆ. ನಡೆಯದ್ದನ್ನು ಮಾತ್ರ ಸೇರಿಸಬೇಡಿ.

ಇದಕ್ಕಿಂತ ಕೆಟ್ಟ ದಾರಿಯೊಂದಿದೆ. ಮೇಷ್ಟ್ರ ಹೆಸರಲ್ಲಿ ಒಂದು ಜಿಮೇಲ್ ಖಾತೆ ತೆರೆದು, ಪತ್ರವನ್ನೂ ತಾವೇ ಹಾಕುವುದು. ಕೆಲವು ಕನ್ಸಲ್ಟೆನ್ಸಿಗಳು ಇದನ್ನು ‘ಪ್ಯಾಕೇಜ್’ ಎಂದೇ ಮಾರುತ್ತವೆ. ಇದು ಸರಳವಾಗಿ ಹೇಳಬೇಕೆಂದರೆ ಫೋರ್ಜರಿ. ಸಿಕ್ಕಿಬಿದ್ದರೆ ಸೀಟು ಹೋಗುತ್ತದೆ, ಸೇರಿದ ಮೇಲೆ ಗೊತ್ತಾದರೂ ಹೊರಹಾಕಬಹುದು. ಮೇಷ್ಟ್ರ ಹೆಸರೂ ಹಾಳು. ಯಾರಾದರೂ ‘ಎಲ್‌ಒಆರ್ ನಾವು ನೋಡ್ಕೋತೀವಿ’ ಎಂದರೆ ಅಲ್ಲಿಂದ ಎದ್ದು ಬನ್ನಿ.

ಹಂತ 8: ಪೋರ್ಟಲ್ ಕೆಲಸ

ಅರ್ಜಿಯಲ್ಲಿ ಮೇಷ್ಟ್ರ ಹೆಸರು, ಹುದ್ದೆ, ಸಂಸ್ಥೆ, ಇಮೇಲ್ ತುಂಬಿದರೆ ಅವರಿಗೆ ಒಂದು ಲಿಂಕ್ ಹೋಗುತ್ತದೆ. ಕೆಲವು ಪೋರ್ಟಲ್‌ಗಳು ನೀವು ಹೆಸರು ಸೇರಿಸಿದ ಕೂಡಲೇ ಕಳಿಸುತ್ತವೆ, ಕೆಲವು ಅರ್ಜಿ ಸಲ್ಲಿಸಿದ ಮೇಲಷ್ಟೇ. ಇದನ್ನು ಮೊದಲೇ ನೋಡಿಕೊಳ್ಳಿ. ಆರು ವಿಶ್ವವಿದ್ಯಾಲಯ ಅಂದರೆ ಆರು ಲಿಂಕ್. ಎಲ್ಲವನ್ನೂ ಒಂದೇ ವಾರದಲ್ಲಿ ಕಳಿಸಿದರೆ ಅವರು ಒಂದೇ ಕೂರಿಕೆಯಲ್ಲಿ ಮುಗಿಸುತ್ತಾರೆ. ಲಿಂಕ್ ಹೋದ ದಿನವೇ ಒಂದು ಮೆಸೇಜ್ ಹಾಕಿ: ‘ಸರ್, ಮೇಲ್ ಬಂದಿದೆ, ಇಲ್ಲ ಅಂದ್ರೆ ಸ್ಪ್ಯಾಮ್ ನೋಡಿ.’

ಅಲ್ಲೇ ಒಂದು ಪ್ರಶ್ನೆ ಬರುತ್ತದೆ: ಪತ್ರ ನೋಡುವ ಹಕ್ಕನ್ನು ಬಿಟ್ಟುಕೊಡುತ್ತೀರಾ? ಅಮೆರಿಕದ 1974ರ ಫರ್ಪಾ ಕಾಯ್ದೆ ಪ್ರಕಾರ ಅಲ್ಲಿ ಸೇರಿದ ವಿದ್ಯಾರ್ಥಿಗೆ ತನ್ನ ದಾಖಲೆ ನೋಡುವ ಹಕ್ಕಿದೆ. ಬಿಟ್ಟುಕೊಡುತ್ತೇನೆ ಎಂದೇ ಆರಿಸಿ. ವಿದ್ಯಾರ್ಥಿ ಓದುವುದಿಲ್ಲ ಎಂದು ಗೊತ್ತಿದ್ದರೆ ಪತ್ರದ ಮೇಲೆ ನಂಬಿಕೆ ಹೆಚ್ಚು.

ಇಮೇಲ್ ಸಾಧ್ಯವಾದಷ್ಟೂ ಸಂಸ್ಥೆಯದ್ದೇ ಇರಲಿ. ಜಿಮೇಲ್ ಕಂಡರೆ ಕೆಲವು ಕಡೆ ಅನುಮಾನ ಪಡುತ್ತಾರೆ. ನಿವೃತ್ತರಿಗೆ ಸಂಸ್ಥೆಯ ಐಡಿ ಇರುವುದಿಲ್ಲ, ಆಗ ಅಡ್ಮಿಶನ್ ಆಫೀಸಿಗೆ ಒಂದು ಸಾಲು ಬರೆದು ಕೇಳಿ. ಲೆಟರ್‌ಹೆಡ್ ವಿಷಯದಲ್ಲೂ ಎಚ್ಚರ. ಬೇರೆ ಕಾಲೇಜಿಗೆ ಹೋದವರು ಈಗಿನ ಕಾಲೇಜಿನ ಲೆಟರ್‌ಹೆಡ್‌ನಲ್ಲೇ ಬರೆಯಬೇಕು, ನಿಮಗೆ ಎಲ್ಲಿ ಕಲಿಸಿದೆ ಎಂದು ಒಳಗೆ ಹೇಳಬೇಕು. ನಿವೃತ್ತರು ಬಿಳಿ ಹಾಳೆಯಲ್ಲಿ, ಹೆಸರಿನ ಕೆಳಗೆ ‘ನಿವೃತ್ತ ಪ್ರಾಧ್ಯಾಪಕರು’ ಎಂದು ಬರೆದರೆ ಸಾಕು.

ಲಿಂಕ್ ತೆರೆದಾಗ ಪತ್ರದ ಜೊತೆ ಒಂದು ಫಾರಂ ಕೂಡ ಬರಬಹುದು. ಎಷ್ಟು ವರ್ಷದಿಂದ ಗೊತ್ತು, ಕಲಿಸಿದ ವಿದ್ಯಾರ್ಥಿಗಳಲ್ಲಿ ಇವರು ಮೊದಲ ಶೇ. 5ರಲ್ಲಾ, ಶೇ. 10ರಲ್ಲಾ ಎಂಬ ಪ್ರಶ್ನೆಗಳು. ವಯಸ್ಸಾದ ಮೇಷ್ಟ್ರಿಗೆ ಪಿಡಿಎಫ್ ಅಪ್‌ಲೋಡ್ ಕಷ್ಟ ಆಗಬಹುದು. ಫೋನಿನಲ್ಲಿ ದಾರಿ ಹೇಳಿ, ಅವರ ಮನೆಯ ಮಕ್ಕಳ ಸಹಾಯ ಕೇಳಿ. ಪಾಸ್‌ವರ್ಡ್ ಇಸಿದುಕೊಂಡು ನೀವೇ ಅಪ್‌ಲೋಡ್ ಮಾಡಬೇಡಿ.

ಡೆಡ್‌ಲೈನ್ ಲೆಕ್ಕದಲ್ಲಿ ಒಂದು ಸಣ್ಣ ಅನುಕೂಲ ಇದೆ. ಅಮೆರಿಕದ ಪೂರ್ವ ತೀರದ ಡಿಸೆಂಬರ್ 1ರ ರಾತ್ರಿ 11.59 ಅಂದರೆ ನಮಗೆ 2ರ ಬೆಳಿಗ್ಗೆ 10.29. ಮೇಷ್ಟ್ರಿಗೆ ಮಾತ್ರ ಇದನ್ನು ಹೇಳಬೇಡಿ. ಅವರಿಗೆ ನವೆಂಬರ್ 20 ಎಂದೇ ಹೇಳಿ. 13ಕ್ಕೆ ಒಮ್ಮೆ, 18ಕ್ಕೆ ಒಮ್ಮೆ ಮೆತ್ತಗೆ ನೆನಪಿಸಿ.

ಸಿಗಲೇ ಇಲ್ಲ ಅಂದರೆ

ಕೆಲವರು ಸಿಗುವುದಿಲ್ಲ. ಕೆಲವರು ತೀರಿಕೊಂಡಿರುತ್ತಾರೆ, ಕೋವಿಡ್ ವರ್ಷಗಳ ನಂತರ ಹುಡುಕಲು ಹೊರಟವರಿಗೆ ಈ ಸುದ್ದಿ ಎದುರಾಗುವುದು ಹೊಸತಲ್ಲ. ಆಗ ಆ ಪ್ರಾಜೆಕ್ಟ್ ನೋಡಿದ ಬೇರೆಯವರು ಯಾರು ಎಂದು ಯೋಚಿಸಿ. ಕೋ-ಗೈಡ್, ಪ್ರಾಜೆಕ್ಟ್ ಕೋಆರ್ಡಿನೇಟರ್, ವೈವಾಗೆ ಬಂದ ಇಂಟರ್ನಲ್ ಎಕ್ಸಾಮಿನರ್ ಇರಬಹುದು. ಈಗಿನ ಎಚ್‌ಒಡಿ ದಾಖಲೆ ನೋಡಿ ಬರೆಯಬಲ್ಲರು, ಆದರೆ ಅದು ಅಂಕಪಟ್ಟಿಯ ಇನ್ನೊಂದು ರೂಪವಾಗುತ್ತದೆ. ಮೂರರಲ್ಲಿ ಒಂದು ಹಾಗಿದ್ದರೆ ನಡೆಯುತ್ತದೆ, ಮೂರೂ ಹಾಗಾಗಬಾರದು.

ಓದು ಮುಗಿಸಿ ಹಲವು ವರ್ಷವಾದವರಿಂದ ಕೆಲಸದ ಜಾಗದ ಪತ್ರವನ್ನು ಎಷ್ಟೋ ಪ್ರೋಗ್ರಾಂಗಳು ಒಪ್ಪುತ್ತವೆ. ನಿಮ್ಮ ತಾಂತ್ರಿಕ ಕೆಲಸ ದಿನವೂ ನೋಡುವ ಮ್ಯಾನೇಜರ್ ಬರೆದರೆ ಒಳ್ಳೆಯದು. ಎಚ್‌ಆರ್ ಕೊಡುವ ಅನುಭವ ಪತ್ರ ಇದಕ್ಕೆ ಆಗುವುದಿಲ್ಲ. ಪಿಎಚ್‌ಡಿಗೆ ಮಾತ್ರ ಪಾಠ ಅಥವಾ ಸಂಶೋಧನೆ ಕಡೆಯವರ ಪತ್ರ ಒಂದಾದರೂ ಬೇಕೇ ಬೇಕು ಎಂದುಕೊಳ್ಳಿ. ಎನ್‌ಪಿಟಿಇಎಲ್‌ನ (ಐಐಟಿ, ಐಐಎಸ್‌ಸಿಗಳ ಆನ್‌ಲೈನ್ ಪಾಠಗಳ ಯೋಜನೆ) ಕೋರ್ಸ್ ಮಾಡಿ ಆ ಪ್ರೊಫೆಸರ್ ಹತ್ತಿರ ಪತ್ರ ಕೇಳೋಣ ಅನ್ನುವವರಿದ್ದಾರೆ. ಸಾವಿರಾರು ಜನ ನೋಡುವ ವಿಡಿಯೋದ ಆಚೆ ನೀವಿದ್ದಿರಿ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಸರ್ಟಿಫಿಕೇಟ್ ರೆಸ್ಯೂಮೆಗೆ ಹಾಕಿ, ಪತ್ರದ ಆಸೆ ಬಿಡಿ.

ಪತ್ರ ಹೋದ ಮೇಲೆ

ಪೋರ್ಟಲ್‌ನಲ್ಲಿ ‘ರಿಸೀವ್ಡ್’ ಎಂದು ಬಂದ ದಿನ ಮೇಷ್ಟ್ರಿಗೆ ಫೋನ್ ಮಾಡಿ ಧನ್ಯವಾದ ಹೇಳಿ. ಉಡುಗೊರೆ ಕೊಡಬೇಕೆನ್ನಿಸಿದರೆ ಈಗ ಕೊಡಿ, ಪತ್ರಕ್ಕೆ ಮೊದಲು ಕೊಟ್ಟರೆ ಅದು ಬೇರೆ ಥರ ಕಾಣುತ್ತದೆ. ಅರ್ಧ ಕೆಜಿ ಧಾರವಾಡ ಪೇಡ ಯಾರೂ ಬೇಡ ಅನ್ನುವುದಿಲ್ಲ.

ಫಲಿತಾಂಶ ಮಾರ್ಚ್–ಏಪ್ರಿಲ್ ಹೊತ್ತಿಗೆ ಬರುತ್ತದೆ. ಸೀಟು ಸಿಕ್ಕರೂ ಸಿಗದಿದ್ದರೂ ತಿಳಿಸಿ. ಎಷ್ಟೋ ಜನ ವೀಸಾ ಬಂದ ಮೇಲೆ ಮೇಷ್ಟ್ರನ್ನು ಮರೆತೇ ಬಿಡುತ್ತಾರೆ, ಮುಂದಿನ ಬ್ಯಾಚಿನವರು ಹೋಗಿ ಕೇಳಿದಾಗ ಅದರ ಬಿಸಿ ತಟ್ಟುತ್ತದೆ. ಈ ವರ್ಷ ಆಗದಿದ್ದರೆ ಬರುವ ವರ್ಷ ಅದೇ ಪತ್ರ ತಾರೀಖು ಬದಲಿಸಿ ಬೇಕಾಗಬಹುದು, ಫುಲ್‌ಬ್ರೈಟ್-ನೆಹರೂ ಥರದ ಸ್ಕಾಲರ್‌ಶಿಪ್‌ಗೂ ಕೇಳಬೇಕಾಗಬಹುದು. ಆದ್ದರಿಂದ ಅವರ ಸ್ವಂತ ಇಮೇಲ್ ಮತ್ತು ನಂಬರ್ ಎರಡನ್ನೂ ಆ ಎಕ್ಸೆಲ್ ಶೀಟಿನಲ್ಲಿ ಸೇರಿಸಿಡಿ, ಮತ್ತೆ ಕಾಲೇಜು ಬದಲಿಸಿದರೂ ಸಿಗುವ ಹಾಗೆ.